ಹತ್ತು ದಿನದಲ್ಲಿ ಹುಟ್ಟಿದ ಭಾಷೆ, ಇನ್ನೂ ತೀರದ ಹೊಣೆ

ಮೊಬೈಲಿನಲ್ಲಿ ಯಾವುದೋ ಅರ್ಜಿ ತುಂಬುತ್ತಿದ್ದೀರಿ ಎಂದುಕೊಳ್ಳಿ. ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಬಟನ್ ಒತ್ತಿದ ತಕ್ಷಣ ಕೆಂಪು ಅಕ್ಷರದಲ್ಲಿ ‘10 ಅಂಕಿ ಇರಬೇಕು’ ಎಂದು ಬರುತ್ತದೆ. ಎಷ್ಟೋ ಸಲ ಆ ಮಾತು ದೂರದ ಸರ್ವರಿನಿಂದ ಬಂದದ್ದಲ್ಲ, ನಿಮ್ಮ ಕೈಯಲ್ಲಿರುವ ಫೋನೇ ಹೇಳಿದ್ದು. ಹಾಗೆ ಹೇಳು ಎಂದು ಅದಕ್ಕೆ ಬರೆದುಕೊಟ್ಟ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್.

ಇವತ್ತು ಈ ಭಾಷೆ ಇಲ್ಲದ ವೆಬ್‌ಪುಟ ಹುಡುಕುವುದೇ ಕಷ್ಟ. ಆದರೆ ಇದರ ಮೊದಲ ರೂಪ ಸಿದ್ಧವಾಗಿದ್ದು ಹತ್ತೇ ದಿನದಲ್ಲಿ. ಆ ಅವಸರದಲ್ಲಿ ನುಸುಳಿದ ಕೆಲವು ತಪ್ಪುಗಳು ಇನ್ನೂ ಹಾಗೇ ಇವೆ. ಅವನ್ನು ತಿದ್ದಲು ಬರುವುದಿಲ್ಲ ಎಂದೇನಲ್ಲ, ತಿದ್ದಬಾರದು ಎಂದು ಬಲ್ಲವರೇ ತೀರ್ಮಾನಿಸಿದ್ದಾರೆ. ಯಾಕೆ ಎಂಬುದೇ ಈ ಕತೆ.

1995ರ ಮೇ ತಿಂಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟನ್ ವ್ಯೂ ಎಂಬ ಊರು. ಅಲ್ಲಿದ್ದ ನೆಟ್‌ಸ್ಕೇಪ್ ಕಂಪನಿಯ ಬ್ರೌಸರ್ ಆಗ ಎಲ್ಲರ ಮನೆಮಾತು. ವೆಬ್‌ಪುಟಗಳು ಮಾತ್ರ ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ, ಓದಬಹುದು ಅಷ್ಟೇ. ಫಾರಂ ತುಂಬಿದರೆ ಅದು ಟೆಲಿಫೋನ್ ತಂತಿಯಲ್ಲಿ ನಿಧಾನವಾಗಿ ಸರ್ವರಿಗೆ ಹೋಗಬೇಕು, ತಪ್ಪಿದ್ದರೆ ಅಷ್ಟೇ ನಿಧಾನವಾಗಿ ವಾಪಸ್ ಬರಬೇಕು. ಸಣ್ಣಪುಟ್ಟ ಕೆಲಸ ಬ್ರೌಸರಿನಲ್ಲೇ ಮುಗಿಯುವಂತಾದರೆ ಒಳ್ಳೆಯದಲ್ಲವೆ ಎಂಬ ಯೋಚನೆ ಬಂತು.

ಆ ಕೆಲಸಕ್ಕೆ ಏಪ್ರಿಲ್‌ನಲ್ಲಿ ಸೇರಿದವರು ಬ್ರೆಂಡನ್ ಐಕ್. ಸ್ಕೀಮ್ ಎಂಬ ಭಾಷೆಯನ್ನು ಬ್ರೌಸರಿಗೆ ತರಬಹುದು ಎಂದು ಅವರನ್ನು ಕರೆದಿದ್ದರು. ಅಷ್ಟರಲ್ಲಿ ಸನ್ ಕಂಪನಿಯ ಜಾವಾ ಭಾಷೆ ಭಾರೀ ಸುದ್ದಿಯಾಯಿತು. ಹೊಸ ಭಾಷೆ ನೋಡಲು ಜಾವಾದ ಹಾಗೇ ಇರಬೇಕು ಎಂದು ಮೇಲಿನವರು ಹೇಳಿದರು. ಸಮಯವೂ ಇರಲಿಲ್ಲ. ಮೇ ತಿಂಗಳಲ್ಲಿ ಹತ್ತು ದಿನ ಕೂತು ಐಕ್ ಮೊದಲ ಮಾದರಿ ಬರೆದುಬಿಟ್ಟರು.

ಹೊರಗಿನ ರೂಪ ಜಾವಾದ್ದು. ಒಳಗಿನ ಜೀವ ಬೇರೆ ಎರಡು ಕಡೆಯಿಂದ ಬಂತು. ಒಂದು ಕೆಲಸವನ್ನೇ ಗಂಟು ಕಟ್ಟಿ ಇನ್ನೊಂದು ಕೆಲಸದ ಕೈಗೆ ಕೊಡುವ ಗುಣ ಸ್ಕೀಮ್‌ನದು. ಇನ್ನೊಂದು ಗುಣ ಸೆಲ್ಫ್ ಎಂಬ ಭಾಷೆಯದು. ಒಂದು ವಸ್ತುವಿಗೆ ಏನಾದರೂ ಗೊತ್ತಿಲ್ಲದಿದ್ದರೆ ಅದು ತನ್ನ ಹಿರಿಯ ವಸ್ತುವನ್ನು ಕೇಳುತ್ತದೆ, ಅದಕ್ಕೂ ಗೊತ್ತಿಲ್ಲದಿದ್ದರೆ ಅದರ ಹಿರಿಯನನ್ನು. ಮಗ ಅಪ್ಪನನ್ನು, ಅಪ್ಪ ಅಜ್ಜನನ್ನು ಕೇಳಿದ ಹಾಗೆ. ಇದಕ್ಕೆ ಪ್ರೋಟೋಟೈಪ್ ಎನ್ನುತ್ತಾರೆ.

ಹುಟ್ಟಿದಾಗ ಇಟ್ಟ ಹೆಸರು ಮೋಕಾ. ಆಮೇಲೆ ಲೈವ್‌ಸ್ಕ್ರಿಪ್ಟ್ ಆಯಿತು. 1995ರ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಆಯಿತು. ಜಾವಾಕ್ಕಿದ್ದ ಹೆಸರಿನ ಲಾಭ ಇದಕ್ಕೂ ಸಿಗಲಿ ಎಂಬ ಲೆಕ್ಕಾಚಾರ. ಎರಡೂ ಬೇರೆ ಬೇರೆ ಭಾಷೆಗಳು. ಆ ಗೊಂದಲ ಇವತ್ತಿಗೂ ಮುಗಿದಿಲ್ಲ.

ಉಳಿದುಹೋದ ತಪ್ಪು

ಈ ಭಾಷೆಯಲ್ಲಿ ‘ಏನೂ ಇಲ್ಲ’ ಎಂದು ಹೇಳಲು ನಲ್ ಎಂಬ ಪದವಿದೆ. ಅದು ಯಾವ ಜಾತಿಯ ವಸ್ತು ಎಂದು ಕೇಳಿದರೆ ‘ಆಬ್ಜೆಕ್ಟ್’ ಎಂದು ಉತ್ತರ ಬರುತ್ತದೆ. ಖಾಲಿ ಚೀಲ ತೋರಿಸಿ ಒಳಗೇನಿದೆ ಎಂದರೆ ‘ಸಾಮಾನಿದೆ’ ಎಂದ ಹಾಗಾಯಿತು.

ಕಾರಣ ಸರಳ. ಮೊದಲ ಮಾದರಿಯಲ್ಲಿ ಪ್ರತಿ ಮೌಲ್ಯಕ್ಕೂ ಅದು ಯಾವ ಜಾತಿ ಎಂದು ಹೇಳುವ ಸಣ್ಣ ಗುರುತು ಅಂಟಿಸಿದ್ದರು. ಆಬ್ಜೆಕ್ಟಿನ ಗುರುತು ಸೊನ್ನೆ. ನಲ್ ಎಂಬುದಂತೂ ಒಳಗೆ ಪೂರ್ತಿ ಸೊನ್ನೆಗಳೇ. ಹಾಗಾಗಿ ಗುರುತು ನೋಡಿದ ಯಂತ್ರ ಅದನ್ನೂ ಆಬ್ಜೆಕ್ಟ್ ಎಂದುಕೊಂಡಿತು.

ಲೆಕ್ಕದಲ್ಲೂ ಹೀಗೇ. ಪುಟದ ಖಾನೆಯಲ್ಲಿ ನೀವು 5 ಎಂದು ಬರೆದರೆ ಅದು ಸಾಮಾನ್ಯವಾಗಿ ಸಂಖ್ಯೆಯಾಗಿ ಬರುವುದಿಲ್ಲ, ಬರಹವಾಗಿ ಬರುತ್ತದೆ. ಅದಕ್ಕೆ 3 ಕೂಡಿಸಿದರೆ 53 ಆಗುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟುಬಿಡುತ್ತದೆ. ಅದೇ 5ರಲ್ಲಿ 3 ಕಳೆದರೆ ಮಾತ್ರ ಸರಿಯಾಗಿ 2 ಬರುತ್ತದೆ. ಪ್ರೋಗ್ರಾಂ ಬರೆದವರು ಎಚ್ಚರ ತಪ್ಪಿದರೆ ಹಣದ ಲೆಕ್ಕವೇ ತಲೆಕೆಳಗು.

ತಪ್ಪು ತಿದ್ದುವ ಮೊದಲೇ ಭಾಷೆ ಊರೆಲ್ಲ ಹಬ್ಬಿತ್ತು. 1996ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಬ್ರೌಸರಿನಲ್ಲಿ ಜೆಸ್ಕ್ರಿಪ್ಟ್ ಎಂಬ ಪ್ರತಿರೂಪ ತಂದಿತು. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುವ ಮುನ್ನ ನಿಯಮ ಬರೆದಿಡಬೇಕಾಯಿತು. ಜಿನೀವಾದ ಎಕ್ಮಾ ಎಂಬ ಸಂಸ್ಥೆ 1997ರ ಜೂನ್‌ನಲ್ಲಿ ಮೊದಲ ನಿಯಮಪುಸ್ತಕ ಹೊರತಂದಿತು. ಅವಸರದ ತಪ್ಪುಗಳೂ ಅದರೊಳಗೆ ಸೇರಿ ನಿಯಮವೇ ಆದವು.

ಒಂದೇ ಗಿರಣಿ, ಉದ್ದ ಸಾಲು

ಈ ಭಾಷೆ ಒಳಗೆ ಕೆಲಸ ಮಾಡುವ ರೀತಿ ನಮ್ಮ ಹಿಟ್ಟಿನ ಗಿರಣಿಯ ಹಾಗಿದೆ. ಗಿರಣಿ ಒಂದೇ, ಬೀಸುವವನೂ ಒಬ್ಬನೇ. ಜನ ಡಬ್ಬ ತಂದು ಸಾಲಿನಲ್ಲಿಡುತ್ತಾರೆ. ಒಂದು ಡಬ್ಬ ಬೀಸುವಾಗ ನಡುವೆ ಇನ್ನೊಂದನ್ನು ಸುರಿಯುವಂತಿಲ್ಲ. ಅದು ಮುಗಿದ ಮೇಲೆಯೇ ಮುಂದಿನದು. ನೀವು ಬಟನ್ ಒತ್ತಿದ್ದು ಒಂದು ಡಬ್ಬ, ಪುಟ ಸರಿಸಿದ್ದು ಇನ್ನೊಂದು ಡಬ್ಬ.

ಹಾಗಾದರೆ ಸರ್ವರಿನಿಂದ ಮಾಹಿತಿ ಬರುವವರೆಗೆ ಗಿರಣಿ ನಿಂತಿರುತ್ತದೆಯೆ? ಇಲ್ಲ. ಆ ಕೆಲಸವನ್ನು ಬ್ರೌಸರ್ ಹೊರಗಿನ ಆಳಿಗೆ ಒಪ್ಪಿಸುತ್ತದೆ. ಗಿರಣಿಯವನು ಮುಂದಿನ ಡಬ್ಬ ಎತ್ತಿಕೊಳ್ಳುತ್ತಾನೆ. ಆಳು ಮಾಹಿತಿ ತಂದ ಮೇಲೆ ಅದೂ ಸಾಲಿಗೆ ಸೇರಿ ತನ್ನ ಸರದಿ ಕಾಯುತ್ತದೆ. ಸಾಲು ನೋಡುವುದು, ಒಂದು ಎತ್ತಿಕೊಳ್ಳುವುದು, ಮುಗಿಸುವುದು, ಮತ್ತೆ ಸಾಲು ನೋಡುವುದು. ಈ ಸುತ್ತಿಗೆ ಈವೆಂಟ್ ಲೂಪ್ ಎಂದು ಹೆಸರು. 2004ರಲ್ಲಿ ಬಂದ ಜೀಮೇಲ್, 2005ರ ಗೂಗಲ್ ಮ್ಯಾಪ್ಸ್ ಪುಟ ಬದಲಿಸದೆಯೇ ಹೊಸ ಮಾಹಿತಿ ತೋರಿಸಿದ್ದು ಈ ಏರ್ಪಾಡಿನ ಬಲದಿಂದಲೇ.

ಇದರ ಕಷ್ಟವೂ ಇಲ್ಲೇ ಇದೆ. ಒಬ್ಬರು ದೊಡ್ಡ ಮೂಟೆ ತಂದು ಸುರಿದರೆ ಹಿಂದಿನವರೆಲ್ಲ ಕಾಯಬೇಕು. ಪುಟ ತೆರೆದಿದೆ, ಒತ್ತಿದರೆ ಅಲುಗುವುದಿಲ್ಲ ಎಂಬ ಅನುಭವ ನಿಮಗಾಗಿದ್ದರೆ, ಹಲವು ಸಲ ಅದು ನಿಮ್ಮ ನೆಟ್ಟಿನ ತಪ್ಪಲ್ಲ. ಪುಟ ಮಾಡಿದವರು ಗಿರಣಿಗೆ ಸುರಿದ ಮೂಟೆಯ ತಪ್ಪು.

ಡೆನ್ಮಾರ್ಕಿನ ತೋಟದ ಮನೆ

ಮೊದಮೊದಲು ಈ ಗಿರಣಿ ಬಹಳ ನಿಧಾನ. ಅದಕ್ಕೆ ವೇಗ ಕೊಟ್ಟವರಲ್ಲಿ ಮುಖ್ಯರು ಡೆನ್ಮಾರ್ಕಿನ ಲಾರ್ಸ್ ಬಾಕ್. ಗೂಗಲ್‌ಗಾಗಿ ಅವರು ವಿ8 ಎಂಬ ಎಂಜಿನ್ ಕಟ್ಟಲು ಶುರುಮಾಡಿದ್ದು ಆರ್ಹಸ್ ನಗರದ ಹತ್ತಿರ, ತಮ್ಮ ಜಮೀನಿನಲ್ಲಿದ್ದ ಕಟ್ಟಡದಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರಿನ ಜೊತೆ ಅದು ಹೊರಬಂತು. ಬಾಕ್ ಹಿಂದೆ ಸೆಲ್ಫ್ ಭಾಷೆಯ ಮೇಲೆ ಕೆಲಸ ಮಾಡಿದ್ದವರು. ಐಕ್ ಯಾವ ಭಾಷೆಯಿಂದ ಗುಣ ಎರವಲು ತಂದಿದ್ದರೋ, ಅದೇ ಭಾಷೆಯಲ್ಲಿ ಕಲಿತ ಉಪಾಯದಿಂದ ಬಾಕ್ ಜಾವಾಸ್ಕ್ರಿಪ್ಟನ್ನು ಓಡಿಸಿದರು.

ವಿ8 ಎಲ್ಲವನ್ನೂ ನೇರವಾಗಿ ಯಂತ್ರಭಾಷೆಗೆ ಬದಲಿಸುತ್ತಿತ್ತು. ವೇಗ ಬಂತು, ಆದರೆ ಮೆಮೊರಿ ತಿನ್ನತೊಡಗಿತು. ಕಡಿಮೆ ಬೆಲೆಯ ಫೋನುಗಳಿಗೆ ಅದು ಭಾರ. ಅದಕ್ಕೆ 2016ರಲ್ಲಿ ಇಗ್ನಿಷನ್ ಎಂಬ ಹೊಸ ಭಾಗ ಬಂತು. ಪ್ರೋಗ್ರಾಮನ್ನು ಮೊದಲು ಚಿಕ್ಕ ಸಂಕೇತಗಳಾಗಿ ಇಟ್ಟುಕೊಂಡು ಓಡಿಸುವುದು, ಪದೇ ಪದೇ ಬೇಕಾಗುವ ಭಾಗವನ್ನು ಮಾತ್ರ ಯಂತ್ರಭಾಷೆಗೆ ತಿರುಗಿಸುವುದು. ಅದನ್ನು ಮೊದಲು ಜಾರಿಗೆ ತಂದದ್ದು 512 ಎಂಬಿ ಮತ್ತು ಅದಕ್ಕಿಂತ ಕಡಿಮೆ ರ‍್ಯಾಮ್ ಇದ್ದ ಆಂಡ್ರಾಯ್ಡ್ ಫೋನುಗಳಲ್ಲಿ.

ಹಳೆಯ ಪುಟ ಕೆಡಬಾರದು

ಎಂಜಿನ್ ಇಷ್ಟು ಬದಲಾದರೂ ಭಾಷೆಯ ಹಳೆಯ ಮಾತು ಬದಲಾಗಲಿಲ್ಲ. ನಲ್ ಬಗೆಗಿನ ತಪ್ಪನ್ನು ತಿದ್ದುವ ಪ್ರಸ್ತಾಪ ಬಂದಿತ್ತು, ಕೈಬಿಟ್ಟರು. ಆ ತಪ್ಪನ್ನೇ ನಂಬಿ ಬರೆದ ಹಳೆಯ ಪುಟಗಳು ನಿಂತುಹೋಗುತ್ತಿದ್ದವು. ಎರಡು ಮೌಲ್ಯ ಒಂದೇ ಹೌದೆ ಎಂದು ನೋಡುವ == ಗುರುತು ಬರಹದ 1 ಮತ್ತು ಸಂಖ್ಯೆಯ 1 ಎರಡನ್ನೂ ಒಂದೇ ಎನ್ನುತ್ತಿತ್ತು. ಅದನ್ನೂ ಮುಟ್ಟಲಿಲ್ಲ. 1999ರ ಮೂರನೆಯ ಆವೃತ್ತಿಯಲ್ಲಿ ಪಕ್ಕದಲ್ಲೇ === ಎಂಬ ಬಿಗಿಯಾದ ಗುರುತು ಇಟ್ಟರು.

2018ರಲ್ಲಿ ಫ್ಲಾಟನ್ ಎಂಬ ಹೊಸ ಸೌಲಭ್ಯ ತರಲು ಹೊರಟಾಗ, ಫೈರ್‌ಫಾಕ್ಸ್‌ನ ಪರೀಕ್ಷಾ ಆವೃತ್ತಿಯಲ್ಲಿ ಜರ್ಮನಿಯ ಒಂದು ಹವಾಮಾನ ತಾಣ ಕೆಟ್ಟಿತು. ಅದರಲ್ಲಿ ಮೂಟೂಲ್ಸ್ ಎಂಬ ಹಳೆಯ ಸಾಧನವಿತ್ತು, ಅದರಲ್ಲೂ ಇದೇ ಹೆಸರು ಬಳಕೆಯಲ್ಲಿತ್ತು. ನಿಯಮ ಬರೆಯುವವರು ತಾಣದವರಿಗೆ ಬದಲಿಸಿಕೊಳ್ಳಿ ಎನ್ನಲಿಲ್ಲ. ತಮ್ಮ ಸೌಲಭ್ಯದ ಹೆಸರನ್ನೇ ಫ್ಲಾಟ್ ಎಂದು ಬದಲಿಸಿದರು.

ನಮಗೂ ಇದರ ಬಿಸಿ ತಟ್ಟುತ್ತದೆ. ‘ಕೃಷಿ’ ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದರೆ ನಾವು ಎರಡು ಎನ್ನುತ್ತೇವೆ. ಜಾವಾಸ್ಕ್ರಿಪ್ಟ್ ನಾಲ್ಕು ಎನ್ನುತ್ತದೆ. ಕ, ಅದರ ವಟ್ರಸುಳಿ, ಷ, ಅದರ ಗುಡಿಸು, ಹೀಗೆ ಬಿಡಿಸಿ ಎಣಿಸುತ್ತದೆ. ‘20 ಅಕ್ಷರ ಮೀರಬಾರದು’ ಎಂಬ ಖಾನೆ ಕನ್ನಡದಲ್ಲಿ ಬರೆದಾಗ ಬೇಗ ತುಂಬುವುದು ಇದಕ್ಕೇ. ಈ ಎಣಿಕೆಯನ್ನೂ ಇನ್ನು ಬದಲಿಸುವಂತಿಲ್ಲ. ಪುಟ ಮಾಡುವವರೇ ಕನ್ನಡದ ಲೆಕ್ಕ ತಿಳಿದು ಮಿತಿ ಇಡಬೇಕು.

ಆದರೂ ಈ ಹಟದಿಂದ ಲಾಭ ಯಾರಿಗೆ ಎಂದು ನೋಡಿ. ಎಷ್ಟೋ ವರ್ಷದ ಹಿಂದೆ ಯಾರೋ ಮೇಷ್ಟ್ರು, ಯಾವುದೋ ಸಂಘ ಮಾಡಿಟ್ಟ ಪುಟವನ್ನು ಈಗ ನೋಡಿಕೊಳ್ಳುವವರೇ ಇರಲಿಕ್ಕಿಲ್ಲ. ಸರ್ವರ್ ಇರುವಷ್ಟು ದಿನ ಅದರಲ್ಲಿ ಬರೆದಿಟ್ಟ ಭಾಷೆ ಇಂದಿನ ಫೋನಿಗೂ ಅರ್ಥವಾಗುತ್ತದೆ.

ಈ ಮಾತು ನಡೆಯುವುದು ಒಂದೇ ದಿಕ್ಕಿಗೆ. ಹಳೆಯ ಪುಟ ಹೊಸ ಫೋನಿನಲ್ಲಿ ತೆರೆಯುತ್ತದೆ. 2015ರ ನಂತರ ಸೇರಿದ ಹೊಸ ಪದಗಳಲ್ಲೇ ಬರೆದ ಪುಟ, ಅಪ್‌ಡೇಟ್ ಸಿಗದ ಹಳೆಯ ಫೋನಿನಲ್ಲಿ ಬಿಳಿ ಹಾಳೆಯಾಗಿ ನಿಲ್ಲಬಹುದು. ಆ ಫೋನು ಹಿಡಿದು ಕೂತವರ ಬಗ್ಗೆ ಯಾವ ನಿಯಮಪುಸ್ತಕವೂ ಹೊಣೆ ಹೊತ್ತಿಲ್ಲ. ಅದನ್ನು ಪುಟ ಮಾಡುವವರೇ ಹೊರಬೇಕು.