ಹೈದರಾಬಾದಿನ ತಟ್ಟೆಯಲ್ಲಿ ವಲಸೆಯ ಚರಿತ್ರೆ

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂದರು ನಮ್ಮ ಹಿರಿಯರು. ಹೈದರಾಬಾದಿನಂಥ ಊರಿನಲ್ಲಿ ಮೂರನೆಯ ದಾರಿಯೂ ಒಂದಿದೆ: ಹಳೆಯ ಬೀದಿಗಳಲ್ಲಿ ನಡೆಯುತ್ತ, ನಿಂತು ನಿಂತು ತಿನ್ನುತ್ತ, ಅದು ಇಲ್ಲಿಗೆ ಯಾರ ಜೊತೆ ಬಂತು ಎಂದು ಕೇಳುವುದು. ಇತ್ತೀಚೆಗೆ ನಮ್ಮ ಊರಿನಲ್ಲಿ ಇಂಥ ‘ಫುಡ್ ವಾಕ್’ಗಳು ಬಹಳ ಜನಪ್ರಿಯವಾಗಿವೆ. ಕಳೆದ ಚಳಿಗಾಲದ ಒಂದು ಭಾನುವಾರ ನಾವು ಏಳು ಜನ ಗೆಳತಿಯರು ಅಂಥ ಒಂದು ನಡಿಗೆಗೆ ಹೋಗಿದ್ದೆವು. ಅಲ್ಲಿ ಕಂಡದ್ದನ್ನೂ ಕಾಣದೆ ಉಳಿದದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಾನಿರುವ ಸನತ್‌ನಗರದ ಹೆಸರಿನಲ್ಲೇ ವಲಸೆಯ ಕಥೆಯಿದೆ. ಉರ್ದುವಿನಲ್ಲಿ ‘ಸನ್‌ಅತ್’ ಎಂದರೆ ಕೈಗಾರಿಕೆ. 1942ರಲ್ಲಿ ಹುಟ್ಟಿದ ಹೈದರಾಬಾದ್ ಆಲ್ವಿನ್ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಕೆಲಸ ಹುಡುಕಿ ಬಂದವರಿಂದಲೇ ಬೆಳೆದ ಬಡಾವಣೆ ಇದು. ಸಾಫ್ಟ್‌ವೇರ್ ಕೆಲಸಕ್ಕಾಗಿ ಎಂ.ಟೆಕ್ ಮುಗಿಸಿ ಬಂದ ನಾನೂ ಆ ಸಾಲಿನಲ್ಲಿ ನಿಂತವಳೇ.

ಇರಾನಿನಿಂದ ಬಂದವರು

ನಡಿಗೆ ಶುರುವಾದದ್ದು ಚಾರ್ಮಿನಾರಿನ ಬಳಿ, ನಿಮ್ರಾ ಕೆಫೆಯ ಚಹಾದೊಂದಿಗೆ. 1591ರಲ್ಲಿ ಈ ನಗರವನ್ನು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಷಾನ ವಂಶದ ಮೂಲಪುರುಷ ಬಂದದ್ದು ಇರಾನಿನ ಹಮದಾನ್ ಕಡೆಯಿಂದ. ನಗರದ ಯೋಜನೆ ರೂಪಿಸಿದ ಪೇಶ್ವೆ ಮೀರ್ ಮೊಮಿನ್ ಅಸ್ತರಾಬಾದಿ ಕೂಡ ಇರಾನಿನವನು. ಎಂದರೆ ಹೈದರಾಬಾದಿನ ನಕ್ಷೆಯ ಮೊದಲ ಗೆರೆಯನ್ನು ಎಳೆದವರೇ ವಲಸಿಗರು!

ಆದರೆ ಇರಾನಿ ಚಹಾ ಅಷ್ಟು ಹಳೆಯದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಜ್ದ್ ಕಡೆಯಿಂದ ಮುಂಬಯಿ ಮಾರ್ಗವಾಗಿ ಬಂದವರ ಕೊಡುಗೆ. ಚಹಾದ ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಹಾಲು ಬೇರೆಯೇ ಕುದಿದು ಗಟ್ಟಿಯಾಗುತ್ತದೆ. ಎರಡೂ ಕೂಡುವುದು ಕಪ್ಪಿನಲ್ಲಿ ಮಾತ್ರ. ಜೊತೆಗೆ ಉಪ್ಪು ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತದ್ದು.

ಅಲ್ಲಿಂದ ಪುರಾನಿ ಹವೇಲಿಯ ಕಡೆ ನಡೆದರೆ ಮುನ್ಷಿ ನಾನ್ ಅಂಗಡಿ. ನಿಜಾಮರ ಕಚೇರಿಯಲ್ಲಿ ಮುನ್ಷಿಯಾಗಿದ್ದವರೊಬ್ಬರು 1851ರಲ್ಲಿ ಶುರುಮಾಡಿದ್ದು. ನಾಲ್ಕು ಮೂಲೆಯ ಆ ನಾನ್ ಒಲೆಯಿಂದ ಬಿಸಿಬಿಸಿ ಹೊರಬರುವುದನ್ನು ನೋಡುವುದೇ ಒಂದು ಚೆಂದ. ನಮ್ಮಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಬರೀ ನಾನ್ ಮುರಿದು ತಿಂದರೂ ತೃಪ್ತಿಯಾಯಿತು.

ಯೆಮನ್, ಅರ್ಮೇನಿಯಾ, ಸಿಂಧ್

ಹಲೀಮ್ ಕಥೆ ಬಂದಾಗ ಮಾರ್ಗದರ್ಶಿ ಹುಡುಗಿ ದಕ್ಷಿಣಕ್ಕಿರುವ ಬಾರ್ಕಸ್ ಬಡಾವಣೆಯ ಬಗ್ಗೆ ಹೇಳಿದಳು. ನಿಜಾಮರ ಸೈನ್ಯಕ್ಕೆ ಯೆಮನ್ನಿನ ಹದ್ರಮೌತ್‌ನಿಂದ ಅರಬರನ್ನು ಸೇರಿಸಿಕೊಳ್ಳುತ್ತಿದ್ದರು. ಅವರಿದ್ದ ‘ಬ್ಯಾರಕ್ಸ್’ ಜನರ ಬಾಯಲ್ಲಿ ಬಾರ್ಕಸ್ ಆಯಿತು. ಗೋಧಿ ಮತ್ತು ಮಾಂಸ ಬೇಯಿಸಿ ಅರೆಯುವ ಅವರ ಹರೀಸ್, ಇಲ್ಲಿಯ ಮಸಾಲೆ, ತುಪ್ಪ ಸೇರಿ ಹೈದರಾಬಾದಿ ಹಲೀಮ್ ಆಯಿತು. 2010ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಹೊರಗಿನಿಂದ ಬಂದ ಅಡುಗೆಗೆ ‘ಇದು ಇಲ್ಲಿಯದೇ’ ಎಂಬ ಸರ್ಕಾರಿ ಮುದ್ರೆ!

ಮೂಸಿ ದಾಟಿ ಮೊಅಜ್ಜಂ ಜಾಹಿ ಮಾರುಕಟ್ಟೆಗೆ ಬಂದೆವು. ಕೊನೆಯ ನಿಜಾಮರ ಎರಡನೆಯ ಮಗನ ಹೆಸರಿನಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಮಾರುಕಟ್ಟೆ ಇದು. ಪಕ್ಕದಲ್ಲೇ ಕರಾಚಿ ಬೇಕರಿ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ಖಾನ್‌ಚಂದ್ ರಾಮ್ನಾನಿಯವರು 1953ರಲ್ಲಿ ಇದನ್ನು ತೆರೆದರು. ಬಿಟ್ಟು ಬಂದ ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರು. ಅಲ್ಲಿಯ ಹಣ್ಣಿನ ಬಿಸ್ಕತ್ತನ್ನು ಡಬ್ಬಿಗಟ್ಟಲೆ ಊರಿಗೆ ಒಯ್ಯುವ ನಮಗೆ ಆ ಬೋರ್ಡಿನಲ್ಲಿರುವ ನೋವು ಎಷ್ಟು ಸಲ ನೆನಪಾಗುತ್ತದೆ?

ಕೊನೆಯ ನಿಲ್ದಾಣ ಅಬಿಡ್ಸ್. ಆರನೆಯ ನಿಜಾಮರ ಆಪ್ತ ಸೇವಕನಾಗಿದ್ದ, ಅರ್ಮೇನಿಯಾ ಮೂಲದ ಆಲ್ಬರ್ಟ್ ಅಬಿಡ್ ಇಟ್ಟಿದ್ದ ಅಂಗಡಿಯಿಂದ ಬಂದ ಹೆಸರು ಅದು. ಅಲ್ಲಿ 1948ರ ತಾಜ್‌ಮಹಲ್ ಹೋಟೆಲಿನಲ್ಲಿ ಇಡ್ಲಿ, ಕಾಫಿ ಮುಂದಿಟ್ಟುಕೊಂಡು ಕುಳಿತಾಗ ಆ ಹುಡುಗಿ ನಗುತ್ತ ಕೇಳಿದಳು, “ನೀವೆಲ್ಲ ಯಾವ ವಲಸೆಯವರು ಮೇಡಂ?”

ನಾವು ವಲಸಿಗರೇ?

ಗುಂಪಿನಲ್ಲಿದ್ದ ಮೈಸೂರಿನ ಗೆಳತಿ, ಉಡುಪಿಯ ಗೆಳತಿ ಥಟ್ಟನೆ ಉತ್ತರ ಕೊಟ್ಟರು. ನಾನು ಸೇಡಂ ಕಡೆಯವಳು. ನನ್ನ ಉತ್ತರ ಅಷ್ಟು ಸರಳವಲ್ಲ.

1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ತೆಲುಗು, ಮರಾಠಿ, ಕನ್ನಡ, ಉರ್ದು ಆಡುವವರೆಲ್ಲರಿಗೂ ಇದೇ ರಾಜಧಾನಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಬಂದಿತ್ತು. ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಬರುವ ಆ ಹಳಿ ಇಂದಿಗೂ ನಮ್ಮ ಸನತ್‌ನಗರದ ಪಕ್ಕದಲ್ಲೇ ಹಾದುಹೋಗುತ್ತದೆ. ಕೋರ್ಟಿನ ಕೆಲಸವಿರಲಿ, ಉಸ್ಮಾನಿಯಾ ಆಸ್ಪತ್ರೆಯಿರಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಓದಿರಲಿ, ನಮ್ಮವರು ಬುತ್ತಿ ಕಟ್ಟಿಕೊಂಡು ಈ ರೈಲು ಹತ್ತುತ್ತಿದ್ದರು. ನನಗೆ ಇಲ್ಲಿ ಕೆಲಸ ಸಿಕ್ಕಾಗ, “ಬ್ಯಾರೆ ರಾಜ್ಯಕ್ಕ ಹೊಂಟೀನಿ ಆಯಿ” ಎಂದೆ. ಅಜ್ಜಿ ಅಂದದ್ದು, “ಹೈದ್ರಾಬಾದ್ ನಮಗ ಪರಸ್ಥಳ ಯಾವಾಗ ಆಗ್ಯದವ್ವಾ?” ಜನ ಕದಲಲಿಲ್ಲ, ಗಡಿ ಕದಲಿತು. ರಾಜಧಾನಿಗೆ ಬಂದು ನೆಲೆಸಿದವರು ಒಂದು ಬೆಳಗಾಗುವಷ್ಟರಲ್ಲಿ ‘ಹೊರನಾಡ ಕನ್ನಡಿಗ’ರಾದರು.

ಅಡುಗೆ ಮನೆಗೆ ಮಾತ್ರ ಈ ಗಡಿ ಗೊತ್ತಾಗಲೇ ಇಲ್ಲ. ನಮ್ಮ ಪುಂಡಿ ಪಲ್ಯದ ಸೊಪ್ಪೇ ತೆಲುಗಿನವರ ಗೋಂಗೂರ, ಮರಾಠಿಯವರ ಅಂಬಾಡಿ. ನಮ್ಮ ಜೋಳದ ರೊಟ್ಟಿ ಪಕ್ಕದ ಮನೆಯಲ್ಲಿ ಜೊನ್ನ ರೊಟ್ಟೆ. ಬದನೆಕಾಯಿ ಎಣ್ಣೆಗಾಯಿಯನ್ನೂ ಹೈದರಾಬಾದಿನ ಬಘಾರಾ ಬೈಂಗನ್ನನ್ನೂ ಅಕ್ಕಪಕ್ಕ ಇಟ್ಟು ನೋಡಿ. ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆಹುಳಿ ಎರಡರಲ್ಲೂ ಇವೆ. ನಾವು ಒಂದಿಷ್ಟು ಬೆಲ್ಲ ಹಾಕುತ್ತೇವೆ, ಅಷ್ಟೇ. ಕಲಬುರಗಿಯ ಮನೆಗಳಲ್ಲಿ ತಹರಿ ಮಾಡುವವರು ಅದನ್ನು ಯಾರಿಂದ ಕಲಿತರೆಂದು ಬಿಡಿಸಿ ಹೇಳಬೇಕಿಲ್ಲ.

ಬೋರ್ಡಿಲ್ಲದ ಅಡುಗೆ

ಆ ನಡಿಗೆಯಲ್ಲಿ ಕಾಚಿಗುಡ ಇರಲಿಲ್ಲ. 1916ರಲ್ಲಿ ಕಟ್ಟಿದ ಆ ಚೆಂದದ ರೈಲ್ವೆ ನಿಲ್ದಾಣದಿಂದ ಇಂದಿಗೂ ಬೆಂಗಳೂರು, ಮೈಸೂರಿಗೆ ರೈಲು ಹೊರಡುತ್ತದೆ. ಕನ್ನಡಿಗರು ಕಟ್ಟಿದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಇರುವುದೂ ಅಲ್ಲಿಯೇ. ಆ ರಾಷ್ಟ್ರಕೂಟ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ, ನಮ್ಮ ರೈಲು ಹಾದು ಬರುವ ಊರು. ಇಷ್ಟಿದ್ದರೂ ಫುಡ್ ವಾಕ್ ಅಲ್ಲಿಗೆ ಹೋಗುವುದಿಲ್ಲ, ಏಕೆ?

ನನಗೆ ತೋರುವ ಕಾರಣ ಒಂದೇ. ಈ ನಡಿಗೆಗಳು ಅಂಗಡಿಯಿಂದ ಅಂಗಡಿಗೆ ಹೋಗುತ್ತವೆ. ಅಂಗಡಿಗೆ ಬೋರ್ಡಿರುತ್ತದೆ, ಇಸವಿ ಇರುತ್ತದೆ, ಸ್ಥಾಪಕರ ಹೆಸರಿರುತ್ತದೆ. ಆ ಹೆಸರು ಸಾಮಾನ್ಯವಾಗಿ ಗಂಡಸಿನದು. ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಓದಲು ಬಂದ ಊರಿನ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಉಣಿಸಿದ ಹೆಣ್ಣುಮಕ್ಕಳ ಅಡುಗೆಗೆ ಬೋರ್ಡಿಲ್ಲ. ಚರಿತ್ರೆಯಲ್ಲಿ ಅದು ಉಳಿಯಬೇಕಾದರೆ ಯಾರಾದರೂ ಕೇಳಿ ಬರೆದುಕೊಳ್ಳಲೇಬೇಕು. 1956ರಲ್ಲಿ ಹದಿನೆಂಟು ತುಂಬಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಮ್ಮ ಅಜ್ಜಿ ಇಂದು ಇಲ್ಲ. ಅವರು ಯಾವ ವರ್ಷ ಮೊದಲ ಸಲ ನಾಂಪಲ್ಲಿ ನಿಲ್ದಾಣದಲ್ಲಿ ಇಳಿದರು, ಬುತ್ತಿಯಲ್ಲಿ ಏನಿತ್ತು ಎಂದು ಇನ್ನು ಯಾರೂ ಹೇಳಲಾರರು.

ಆದ್ದರಿಂದ ಗೆಳತಿಯರೇ, ನಮ್ಮ ಮಹಿಳಾ ವೇದಿಕೆಯ ಮುಂದೆ ಒಂದು ಸಲಹೆ. ನಮ್ಮ ಬಳಗದ ಹಿರಿಯ ಅಮ್ಮಂದಿರನ್ನು, ಅಜ್ಜಿಯರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗೋಣ. ಯಾವ ಊರಿನಿಂದ, ಯಾವ ರೈಲಿನಲ್ಲಿ, ಯಾವ ವರ್ಷ ಬಂದರು. ಮೊದಲು ಇದ್ದ ಓಣಿ ಯಾವುದು. ಜೋಳದ ಹಿಟ್ಟು ಎಲ್ಲಿ ಬೀಸಿಸುತ್ತಿದ್ದರು. ನೆರೆಯವರಿಂದ ಯಾವ ಅಡುಗೆ ಕಲಿತರು, ಅವರಿಗೆ ಯಾವುದನ್ನು ಕಲಿಸಿದರು. ಇಷ್ಟು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ಸಾಕು. ಹತ್ತು ಮನೆಗಳ ಕಥೆ ಸೇರಿದರೆ ಕಾಚಿಗುಡದಲ್ಲಿ ನಮ್ಮದೇ ಒಂದು ನಡಿಗೆ ಸಿದ್ಧವಾಗುತ್ತದೆ: ನಿಲ್ದಾಣದಿಂದ ಹೊರಟು, ಶಾಲೆ, ಸಾಹಿತ್ಯ ಮಂದಿರ ನೋಡಿ, ಯಾರದಾದರೂ ಮನೆಯ ಅಡುಗೆ ಮನೆಯಲ್ಲಿ ಮುಗಿಯುವ ನಡಿಗೆ. ಆ ದಿನದ ರೊಟ್ಟಿ, ಪುಂಡಿ ಪಲ್ಯದ ಜವಾಬ್ದಾರಿ ನನ್ನದು.