ಹೊಣೆಯೂ ವಿಧೇಯತೆಯೂ: ಎಳೆಯರ ಕ್ರೀಡೆಯಲ್ಲಿ ಆಟಗಾರ–ಕೋಚ್ ಸಂಘರ್ಷ

ಕೇಂದ್ರ ಸರ್ಕಾರ 1961ರಿಂದ ಕ್ರೀಡಾಪಟುಗಳಿಗೆ ಅರ್ಜುನ ಪ್ರಶಸ್ತಿಯನ್ನೂ 1985ರಿಂದ ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿಯನ್ನೂ ಕೊಡುತ್ತ ಬಂದಿದೆ. ಕರ್ನಾಟಕ ಸರ್ಕಾರ ತನ್ನ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಹೆಬ್ಬೆರಳು ಕೇಳಿದವನಿಗೆ ದೆಹಲಿಯಲ್ಲಿ ಮಾನ, ಕೊಟ್ಟವನಿಗೆ ಬೆಂಗಳೂರಿನಲ್ಲಿ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ನಮ್ಮ ಕ್ರೀಡಾಲೋಕ ಆ ಹಳೆಯ ವ್ಯಾಜ್ಯದ ಎರಡೂ ಕಡೆಯವರನ್ನು ಗೌರವಿಸುತ್ತ, ವ್ಯಾಜ್ಯವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದೆ.

ಎಳೆಯ ಆಟಗಾರನಿಗೂ ಕೋಚಿಗೂ ಮನಸ್ತಾಪವಾದರೆ ಮೈದಾನದ ಅಂಚಿನಲ್ಲಿ ಎರಡು ತೀರ್ಪು ಸಿದ್ಧವಾಗಿರುತ್ತವೆ. ಒಂದು, ಹುಡುಗನಿಗೆ ಶಿಸ್ತಿಲ್ಲ. ಇನ್ನೊಂದು, ಕೋಚ್ ಪಕ್ಷಪಾತಿ. ಎರಡೂ ಇಡೀ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುತ್ತವೆ. ಹೇಳಿದ್ದನ್ನು ಕೇಳುವುದೇ ಹೊಣೆಗಾರಿಕೆ ಎಂದು ನಾವು ತಿಳಿದಿರುವುದೇ ಈ ಸಂಘರ್ಷದ ಬೇರು ಎಂಬುದು ಪ್ರಸ್ತುತ ಲೇಖನದ ವಾದ. ತೀರ್ಮಾನ ಯಾರ ಕೈಯಲ್ಲಿದೆಯೋ ಹೊಣೆಯ ದೊಡ್ಡ ಪಾಲು ಅವರದು. ಮಗು ಬೆಳೆದಂತೆ ತೀರ್ಮಾನವೂ ಹೊಣೆಯೂ ಜೊತೆಜೊತೆಗೆ ಅದರ ಕೈಗೆ ದಾಟಬೇಕು.

1. ಇಬ್ಬರು ಶಿಷ್ಯರು

ಮಹಾಭಾರತದ ಆದಿಪರ್ವದಲ್ಲಿ ದ್ರೋಣ ಏಕಲವ್ಯನನ್ನು ನಿಷಾದನೆಂಬ ಕಾರಣಕ್ಕೆ ತಿರುಗಿ ಕಳಿಸುತ್ತಾನೆ. ಹುಡುಗ ಮಣ್ಣಿನ ಮೂರ್ತಿಯ ಮುಂದೆ ತಾನೇ ಕಲಿಯುತ್ತಾನೆ. ಸ್ವಂತ ಹೊಣೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು. ಆದರೂ ದ್ರೋಣ ಅವನ ಹೆಬ್ಬೆರಳನ್ನೇ ದಕ್ಷಿಣೆಯಾಗಿ ಕೇಳಿದ. ಕೇಳಿದ್ದು ಕಲಿಸಿದ್ದಕ್ಕಲ್ಲ. ನಿನ್ನನ್ನು ಮೀರಿಸುವ ಬಿಲ್ಲುಗಾರ ಇರಲಾರ ಎಂದು ಅರ್ಜುನನಿಗೆ ತಾನು ಕೊಟ್ಟಿದ್ದ ಮಾತು ಉಳಿಯಬೇಕಿತ್ತು. ಗುರುವಿನ ಮಾತಿನ ಸಾಲವನ್ನು ಇನ್ನೊಬ್ಬ ಶಿಷ್ಯ ತೀರಿಸಿದ.

ಕರ್ಣನ ಕಥೆ ಇದರ ಮಗ್ಗುಲಲ್ಲಿಡಬೇಕಾದದ್ದು. ತಾನು ಬ್ರಾಹ್ಮಣನೆಂದು ಅವನು ಗುರು ಪರಶುರಾಮನಿಗೆ ಸುಳ್ಳು ಹೇಳಿದ್ದು ನಿಜ, ತಪ್ಪು ಶಿಷ್ಯನದೇ. ಆದರೆ ಸಿಕ್ಕಿಬಿದ್ದದ್ದು ಹೇಗೆ? ತೊಡೆಯನ್ನು ಹುಳು ಕೊರೆಯುತ್ತಿದ್ದರೂ ಗುರುವಿನ ನಿದ್ದೆ ಕೆಡಬಾರದೆಂದು ನೋವು ನುಂಗಿ ಕುಳಿತದ್ದರಿಂದ. ಅವನ ವಿಧೇಯತೆಯೇ ಅವನ ವಿರುದ್ಧ ಸಾಕ್ಷಿಯಾಯಿತು. ಒಬ್ಬ ತಪ್ಪು ಮಾಡದೆ ಬೆರಳು ಕಳೆದುಕೊಂಡ, ಇನ್ನೊಬ್ಬ ತಪ್ಪಿಗೆ ಮೀರಿದ ಶಾಪ ಹೊತ್ತ. ಗುರುವಿನ ಮಾತು ಮೀರದಿರುವುದು ಇಬ್ಬರನ್ನೂ ಕಾಯಲಿಲ್ಲ.

2. ಏಟು ಮತ್ತು ನಾಣ್ಯ

ಸಚಿನ್ ತೆಂಡೂಲ್ಕರ್ ತಮ್ಮ ಗುರು ರಮಾಕಾಂತ್ ಆಚ್ರೇಕರ್ ಬಗ್ಗೆ ಎರಡು ಪ್ರಸಂಗಗಳನ್ನು ಮತ್ತೆ ಮತ್ತೆ ಹೇಳಿದ್ದಾರೆ. ತನಗೆಂದು ಗೊತ್ತುಮಾಡಿದ್ದ ಅಭ್ಯಾಸ ಪಂದ್ಯ ಬಿಟ್ಟು, ಹುಡುಗ ಸಚಿನ್ ಶಾಲೆಯ ಹಿರಿಯರ ತಂಡಕ್ಕೆ ಚಪ್ಪಾಳೆ ತಟ್ಟಲು ವಾಂಖೆಡೆಗೆ ಹೋಗಿದ್ದ. ಅಲ್ಲಿ ಎದುರಾದ ಆಚ್ರೇಕರ್ ಕೊಟ್ಟ ಏಟಿಗೆ ಕೈಯಲ್ಲಿದ್ದ ಊಟದ ಡಬ್ಬಿ ಹಾರಿ ಬಿತ್ತು. ಇನ್ನೊಂದು, ದಾದರ್‌ನ ಶಿವಾಜಿ ಪಾರ್ಕಿನದು. ದಿನದ ಕೊನೆಗೆ ಗುರು ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಔಟ್ ಮಾಡಿದವನಿಗೆ ಅದು ಸಲ್ಲುತ್ತಿತ್ತು. ಔಟಾಗದೆ ಉಳಿದರೆ ಸಚಿನ್‌ಗೆ. ಹಾಗೆ ಗಳಿಸಿದ ಹದಿಮೂರು ನಾಣ್ಯಗಳು ಅವರ ಬಳಿ ಇವೆ.

ಏಟಿನ ಕಥೆಯನ್ನು ನಮ್ಮ ಕೋಚ್‌ಗಳು ಸಮರ್ಥನೆಯಾಗಿ ಬಳಸುತ್ತಾರೆ. ಗೆದ್ದವರು ಮಾತ್ರ ಆತ್ಮಕಥೆ ಬರೆಯುತ್ತಾರೆ ಎಂಬುದು ಇಲ್ಲಿ ಮರೆತುಹೋಗುತ್ತದೆ. ಏಟು ತಿಂದು ಆಟವನ್ನೇ ಬಿಟ್ಟವನ ಕೃತಜ್ಞತೆಯನ್ನೋ ಸಿಟ್ಟನ್ನೋ ಯಾರೂ ದಾಖಲಿಸಿಲ್ಲ. ತೀರ್ಮಾನ ಯಾರದು ಎಂಬುದನ್ನು ಏಟು ಹುಡುಗನಿಗೆ ನೆನಪಿಸಿತು. ನಾಣ್ಯ ಆ ತೀರ್ಮಾನವನ್ನೇ ಅವನ ಕೈಗಿಟ್ಟಿತು. ಯಾವ ಚೆಂಡನ್ನು ಬಿಡಬೇಕು, ಯಾವುದನ್ನು ಹೊಡೆಯಬೇಕು ಎಂದು ದಣಿದ ಮೈಯಲ್ಲಿ ಅವನೇ ನಿರ್ಧರಿಸಬೇಕಿತ್ತು. ಹೊಣೆ ಕಲಿಸಿದ್ದು ಈ ಎರಡನೆಯದು.

ಕಾನೂನೂ ಈಗ ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಾಲೆಯಾಚೆಗಿನ ಖಾಸಗಿ ಅಕಾಡೆಮಿಗೆ ಅದು ನೇರವಾಗಿ ತಾಗದು. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್, ಮಗು ಯಾರ ಸುಪರ್ದಿನಲ್ಲಿದೆಯೋ ಅವರು ಎಸಗುವ ಕ್ರೌರ್ಯವನ್ನು ಅಪರಾಧವೆನ್ನುತ್ತದೆ.

3. ಅಧ್ಯಯನಗಳು ಹೇಳುವುದು

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳ ವರ್ತನೆಯನ್ನು 1970ರ ದಶಕದಿಂದ ಅಭ್ಯಸಿಸಿದರು. ಪ್ರಯತ್ನವನ್ನು ಮೆಚ್ಚುವುದು, ತಪ್ಪಾದಾಗ ಬೈಯದೆ ತಿದ್ದುವುದು ಮುಂತಾದವನ್ನು ಕೋಚ್‌ಗಳಿಗೆ ಒಂದು ಚಿಕ್ಕ ಶಿಬಿರದಲ್ಲಿ ಕಲಿಸಿದರು. ಬಾರ್ನೆಟ್ ಎಂಬ ಸಹಸಂಶೋಧಕರ ಜೊತೆ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತರಬೇತಿಯಿಲ್ಲದ ಕೋಚ್‌ಗಳ ಕೈಕೆಳಗಿನ ಮಕ್ಕಳಲ್ಲಿ ಶೇ. 26ರಷ್ಟು ಮರುವರ್ಷ ಆಟಕ್ಕೆ ಬರಲಿಲ್ಲ. ತರಬೇತಿ ಪಡೆದವರ ಮಕ್ಕಳಲ್ಲಿ ಹಾಗೆ ಬಿಟ್ಟವರು ಶೇ. 5 ಮಾತ್ರ. ತಂಡಗಳ ಸೋಲು ಗೆಲುವು ಈ ಅಂತರಕ್ಕೆ ಕಾರಣವಾಗಿರಲಿಲ್ಲ. ಮಗು ಆಟ ಬಿಟ್ಟರೆ "ಛಲವಿಲ್ಲ" ಎನ್ನುವ ನಮ್ಮ ರೂಢಿಯನ್ನು ಈ ಅಂಕಿಗಳ ಎದುರು ನಿಲ್ಲಿಸಿ ನೋಡಬೇಕು.

ಹಾಗೆಂದು ಮಗುವಿಗೆ ಹೊಣೆಯೇ ಇಲ್ಲವೆಂದಲ್ಲ. ಶಿಕಾಗೋದ ಡಾನ್ ಹೆಲಿಸನ್ ರೂಪಿಸಿದ ಮಾದರಿಯಲ್ಲಿ ಹೊಣೆ ಮೆಟ್ಟಿಲುಮೆಟ್ಟಿಲಾಗಿ ಬರುತ್ತದೆ. ಮೊದಲು ಇತರರಿಗೆ ಗೌರವ, ಆಮೇಲೆ ಪ್ರಯತ್ನ, ನಂತರ ಸ್ವಯಂನಿರ್ದೇಶನ, ಬಳಿಕ ಇತರರಿಗೆ ನೆರವು, ಕೊನೆಗೆ ಇವೆಲ್ಲವನ್ನೂ ಮೈದಾನದಾಚೆಗೆ ಒಯ್ಯುವುದು. ವಿಧೇಯತೆ ಎಂಬ ಮೆಟ್ಟಿಲು ಇದರಲ್ಲಿಲ್ಲ.

4. ಬಿಟ್ಟು ಹೋಗುವ ಬಾಗಿಲು

ಬ್ಯಾಡ್ಮಿಂಟನ್ ಕೋಚ್ ಪುಲ್ಲೇಲ ಗೋಪಿಚಂದ್ ಬಳಿ ಕಲಿತು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸೈನಾ ನೆಹ್ವಾಲ್, 2014ರಲ್ಲಿ ಹೈದರಾಬಾದ್ ಬಿಟ್ಟು ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಬಳಿಗೆ ಬಂದರು. ಆಗ ಅವರಿಗೆ 24 ವರ್ಷ. ಮರುವರ್ಷ ವಿಶ್ವದ ಒಂದನೇ ರ‍್ಯಾಂಕ್, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2017ರಲ್ಲಿ ಮತ್ತೆ ಗೋಪಿಚಂದ್ ಬಳಿಗೇ ಮರಳಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ನೆಟ್‌ನ ಎರಡೂ ಬದಿಗೆ ನಿಂತವರು ಗೋಪಿಚಂದ್ ಶಿಷ್ಯೆಯರೇ. ಸೈನಾ ಅಲ್ಲಿ ಪಿ.ವಿ. ಸಿಂಧು ಅವರನ್ನು ಸೋಲಿಸಿದರು.

ಯಾರದು ತಪ್ಪು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಕಿಲ್ಲ. ಒಬ್ಬ ಗುರುವಿನ ಬಳಿ ಸಮಬಲದ ಇಬ್ಬರಿದ್ದರೆ ಸಮಯ ಹಂಚುವುದೇ ಬಿಕ್ಕಟ್ಟು. ಅದು ದ್ರೋಣನ ಕಾಲದ್ದೇ. ಸೈನಾ ನಿರ್ಧಾರವನ್ನೂ ಅದರ ಫಲವನ್ನೂ ತಾವೇ ಹೊತ್ತರು, ಏಕೆಂದರೆ ಹೋಗಲು ಬೇರೊಂದು ಜಾಗವಿತ್ತು, ಮರಳಲು ಬಾಗಿಲು ಮುಚ್ಚಿರಲಿಲ್ಲ. ಊಟ, ವಸತಿ, ತಂಡದ ಆಯ್ಕೆ ಎಲ್ಲವೂ ಒಬ್ಬನೇ ಕೋಚಿನ ಮರ್ಜಿಯಲ್ಲಿರುವ ಹನ್ನೆರಡರ ಹುಡುಗಿಗೆ ಆ ಬಾಗಿಲಿಲ್ಲ. ಸೈನಾಗೆ ಸಲ್ಲುವ ಹೊಣೆಯನ್ನು ಅವಳ ಮೇಲೆ ಹೇರುವುದು ಅನ್ಯಾಯ.

5. ಉಪಸಂಹಾರ

ಹೀಗಾಗಿ ಹೊಣೆಯನ್ನು ವಯಸ್ಸಿಗೆ ತಕ್ಕಂತೆ ಹಂಚುವುದು ಯುಕ್ತ. ಹತ್ತರ ಮಗು ತನ್ನ ಕಿಟ್ ತಾನೇ ಹೊರಲಿ, ಹೊತ್ತಿಗೆ ಸರಿಯಾಗಿ ಬರಲಿ. ಹದಿನಾಲ್ಕರವನು ನೋವನ್ನು ಮುಚ್ಚಿಡದೆ ಹೇಳಲಿ. ಕರ್ಣನಂತೆ ಹಲ್ಲುಕಚ್ಚಿ ಕೂರುವುದನ್ನು ಯಾರೂ ಮೆಚ್ಚದಿರಲಿ. ಹದಿನೆಂಟು ತುಂಬಿದವರು ಕೋಚನ್ನು ತಾವೇ ಆರಿಸಲಿ. ಇವೆಲ್ಲಕ್ಕೂ ಕೋಚಿನ ಕಡೆಯಿಂದ ಬೇಕಾದದ್ದು ಒಂದೇ: ತಂಡದಿಂದ ಕೈಬಿಟ್ಟಾಗ ಕಾರಣವನ್ನು ಆ ಮಗುವಿಗೇ, ಅದರ ಮುಖ ನೋಡಿ ಹೇಳುವುದು. ಹೆಬ್ಬೆರಳು ಯಾಕೆ ಬೇಕೆಂದು ದ್ರೋಣ ಏಕಲವ್ಯನಿಗೆ ಹೇಳಲಿಲ್ಲ. ಹೇಳಬೇಕಾಗಿ ಬಂದಿದ್ದರೆ ಕೇಳುವುದು ದ್ರೋಣನಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ.