ಪಂಪ್ ಬಿಚ್ಚೋ ಮೊದಲು ಗಾಳಿ ನೋಡು: ಒಂದು ಹಳೇ ಡೀಸೆಲ್ ಕಾರು, ಒಂದಿಷ್ಟು ಬೆಂಗಳೂರಿನ ಇತಿಹಾಸ

ಇವತ್ತಿನ ಕತೆ ಚಾಮರಾಜಪೇಟೆಯಲ್ಲಿ ನಮ್ಮನೆ ಮುಂದೆ ನಿಂತಿರೋ ಹಳೇ ಟರ್ಬೋ ಡೀಸೆಲ್ ಕಾರಿಂದ ಶುರುವಾಗುತ್ತೆ.

ಅಪ್ಪ ಅದನ್ನ ತಗೊಂಡಾಗ ನಾನು ಮೂರನೇ ಕ್ಲಾಸು. ಕಳೆದ ವರ್ಷ ಗಾಡಿಗೆ ದಮ್ಮೇ ಇಲ್ಲದಂಗಾಯ್ತು. ಸಿರ್ಸಿ ಸರ್ಕಲ್ ಫ್ಲೈಓವರ್ ಹತ್ತೋವಾಗ ಹಿಂದೆಲ್ಲ ಕಪ್ಪು ಹೊಗೆ. ಗ್ಯಾರೇಜ್‌ನೋರು 'ಪಂಪ್ ಹೋಗಿದೆ, ಬದಲಾಯಿಸ್ಬೇಕು' ಅಂದ್ರು. ಅವರು ಹೇಳಿದ ದುಡ್ಡು ಕೇಳಿದ್ರೆ ಗುಜರಿಗೆ ಹಾಕೋದೇ ವಾಸಿ ಅನ್ನಿಸ್ತು. ಅಪ್ಪ ಏನೂ ಮಾತಾಡಲಿಲ್ಲ. ಸಂಜೆ ಸುಮ್ನೆ ಹೋಗಿ ಕಾರೊಳಗೆ ಕೂತ್ಕೊಂಡ್ರು.

ಪಕ್ಕದ್ಮನೆ ತಾತ ಮೈಕೋದಲ್ಲಿ ಕೆಲಸ ಮಾಡಿ ರಿಟೈರ್ ಆದೋರು. ವಿಷಯ ಕೇಳಿ ಒಂದೇ ಮಾತು ಹೇಳಿದ್ರು: 'ಪಂಪ್ ಮುಟ್ಟಬೇಡ ಮರಿ. ಮೊದಲು ಗಾಳಿ ನೋಡು.'

ಮೈಕೋ ಲೇಔಟ್ ಅನ್ನೋ ಹೆಸರು ಕೇಳಿರ್ತೀರಿ. ಮೈಕೋ ಅಂದ್ರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾಯ್ತು, ಕಾರ್ಖಾನೆ ಆಡುಗೋಡಿಯಲ್ಲಿ, ತಂತ್ರಜ್ಞಾನ ಜರ್ಮನಿಯ ಬಾಷ್ ಕಂಪನಿಯದು. ಸ್ಪಾರ್ಕ್ ಪ್ಲಗ್ ಜೊತೆಗೆ ಡೀಸೆಲ್ ಪಂಪುಗಳನ್ನೂ ತಯಾರು ಮಾಡ್ತಿದ್ರು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯ್ತು. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಮೈಕೋನೇ.

ಪಂಪ್ ಯಾಕೆ ಅಷ್ಟು ಮುಖ್ಯ? ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸೋ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳೀನ ಬಿಗಿಯಾಗಿ ಒತ್ತಿದಾಗ ಅದು ಕಾಯುತ್ತೆ. ಆ ಬಿಸಿಗೆ ಸರಿಯಾದ ಕ್ಷಣದಲ್ಲಿ, ಸರಿಯಾದ ಅಳತೆಯಲ್ಲಿ ಡೀಸೆಲ್ ಸಿಂಪಡಿಸ್ಬೇಕು. ಆ ಕೆಲಸ ಪಂಪಿಂದು. ಬಾಷ್ 1927ರಲ್ಲಿ ಇಂಥ ಪಂಪುಗಳನ್ನ ದೊಡ್ಡ ಸಂಖ್ಯೆಯಲ್ಲಿ ತಯಾರಿಸೋಕೆ ಶುರುಮಾಡಿದ್ಮೇಲೆ ಡೀಸೆಲ್ ಲಾರಿಗಳು ರಸ್ತೆ ತುಂಬಿದವು.

ಇನ್ನು ಟರ್ಬೋ. ಆಲ್ಫ್ರೆಡ್ ಬೂಷಿ ಅನ್ನೋ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಹೊರಗೆ ಹೋಗೋ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಎಂಜಿನ್ ಒಳಗೆ ಹೆಚ್ಚು ಗಾಳಿ ತುರುಕೋ ಉಪಾಯ ಅದು. ಆದ್ರೆ ಟರ್ಬೋ ಡೀಸೆಲ್ ಎಂಜಿನ್ ಮಾರಾಟದ ಕಾರಿಗೆ ಬಂದಿದ್ದು 1978ರಲ್ಲಿ, ಮರ್ಸಿಡಿಸ್ ಮೂಲಕ.

ಅಂದ್ರೆ ಪಂಪ್ ಡೀಸೆಲ್ ಕೊಡುತ್ತೆ, ಟರ್ಬೋ ಗಾಳಿ ಕೊಡುತ್ತೆ. ಗಾಳಿ ಕಮ್ಮಿಯಾದ್ರೆ ಡೀಸೆಲ್ ಪೂರ್ತಿ ಉರಿಯಲ್ಲ, ಕಪ್ಪು ಹೊಗೆಯಾಗುತ್ತೆ. ಚಳಿ ಬೆಳಗ್ಗೆ ಬಿಳಿ ಹೊಗೆ ಬಂದು ಸ್ಟಾರ್ಟ್ ಕಷ್ಟ ಆದ್ರೆ ಗ್ಲೋ ಪ್ಲಗ್ ನೋಡ್ಬೇಕು. ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಉರೀತಿದೆ ಅಂತ.

ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ನಾನೂ ತಾತನೂ ಬಾನೆಟ್ ಎತ್ತಿದ್ವಿ. ಏರ್ ಫಿಲ್ಟರ್ ಚೆನ್ನಾಗಿತ್ತು. ಟರ್ಬೋದಿಂದ ಬರೋ ರಬ್ಬರ್ ಹೋಸ್ ಪೈಪಿನ ಕೆಳಗೆ ಎಣ್ಣೆ ಜಿಡ್ಡು. ಪೈಪನ್ನ ಕೈಯಲ್ಲಿ ಬಗ್ಗಿಸಿದ್ರೆ ಬೆರಳುದ್ದದ ಸೀಳು ಬಾಯಿ ಬಿಡ್ತು! ಗಾಳಿ ಅಲ್ಲೇ ಸೋರ್ತಿತ್ತು. ಜೆ.ಸಿ. ರೋಡಿಗೆ ಹೋಗಿ ಹೊಸ ಪೈಪು, ಎರಡು ಕ್ಲಿಪ್ ತಂದ್ವಿ. ಸಾವಿರ ರೂಪಾಯಿನೂ ಆಗಲಿಲ್ಲ.

ನಂಗೆ ಆಸೆ ಹುಟ್ತು. ನಮ್ಮದು ಹಳೇ ಮೆಕ್ಯಾನಿಕಲ್ ಪಂಪ್. ಅದರಲ್ಲೊಂದು ಸ್ಕ್ರೂ ಇರುತ್ತೆ, ತಿರುಗಿಸಿದ್ರೆ ಡೀಸೆಲ್ ಜಾಸ್ತಿ ಹೋಗುತ್ತೆ. 'ಸ್ವಲ್ಪ ತಿರುಗಿಸಿದ್ರೆ ಪಿಕಪ್ ಬರಲ್ವಾ ತಾತ?' ಅಂದೆ.

'ಬರುತ್ತೆ,' ಅಂದ್ರು. 'ಆ ಸ್ಕ್ರೂ ಸೆಟ್ ಮಾಡಿ ಸೀಲ್ ಹಾಕೋದೇ ನನ್ನ ಕೆಲಸ ಆಗಿತ್ತು. ತಿರುಗಿಸು. ಆಮೇಲೆ ಹೊಗೆ ಕುಡಿಯೋದು ಎದುರುಮನೆ ಮಗು.'

ನಾನು ಸ್ಪ್ಯಾನರ್ ಕೆಳಗಿಟ್ಟೆ.

ಬೆಂಗಳೂರಿಗೆ 2005ರಲ್ಲಿ ಭಾರತ್ ಸ್ಟೇಜ್ 3 ನಿಯಮ ಬಂತು, 2020ರಲ್ಲಿ ಸ್ಟೇಜ್ 6. ನಿಯಮ ಬಿಗಿಯಾದಂತೆ ಡೀಸೆಲ್ ಅಳೆಯೋ ಕೆಲಸ ಸ್ಕ್ರೂವಿಂದ ಕಂಪ್ಯೂಟರಿಗೆ ಹೋಯ್ತು. ನಿಮ್ಮನೆ ಕಾರು ಕಾಮನ್ ರೈಲ್ ಆಗಿದ್ರೆ ಒಂದು ಎಚ್ಚರಿಕೆ: ಅದರ ಡೀಸೆಲ್ ಪೈಪಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಸೋರಿಕೆ ಹುಡುಕೋಕೆ ಕೈ ಇಟ್ರೆ ಚರ್ಮ ತೂರಿ ಒಳಗೆ ಹೋಗುತ್ತೆ. ಅದನ್ನ ಬಲ್ಲೋರಿಗೇ ಬಿಡಿ. ಫಿಲ್ಟರು, ಗಾಳಿ ಪೈಪು, ಕ್ಲಿಪ್ಪು, ಹೊಗೆಯ ಬಣ್ಣ, ಇಷ್ಟನ್ನ ಮಾತ್ರ ಯಾರು ಬೇಕಾದ್ರೂ ಮನೆ ಮುಂದೆಯೇ ನೋಡ್ಬಹುದು.

ಅವತ್ತು ಸಂಜೆ ಅಪ್ಪನೇ ಓಡಿಸಿದ್ರು. ಫ್ಲೈಓವರ್ ಹತ್ತೋವಾಗ ಕನ್ನಡಿ ನೋಡಿ ಮೆಲ್ಲಗೆ ಅಂದ್ರು: 'ಹಿಂದಿನ ಬಸ್ಸು ಕಾಣಿಸ್ತಿದೆ ಕಣೋ.'